ಕ್ರಿಯಾಟಿನಿನ್ ಇಳಿದಿದೆ ಎಂದು ಖುಷಿಪಡುವ ಮುನ್ನ: ಶುಗರ್ ಇರುವ ಹಿರಿಯರ ಸ್ನಾಯು, ಮೂಳೆಯ ರಕ್ತಪರೀಕ್ಷೆಗಳನ್ನು ಓದುವುದು ಹೇಗೆ

ಎರಡು ವರ್ಷದ ಹಿಂದೆ ಅಪ್ಪನ ಬ್ಲಡ್ ರಿಪೋರ್ಟ್ ಬಂದಾಗ ಮನೆಯಲ್ಲಿ ಎಲ್ಲರಿಗೂ ಖುಷಿ. ಕ್ರಿಯಾಟಿನಿನ್ 1.1 ಇದ್ದದ್ದು 0.7ಕ್ಕೆ ಇಳಿದಿತ್ತು. ಕಿಡ್ನಿ ಸುಧಾರಿಸಿದೆ ಅಂದುಕೊಂಡೆವು. ಅದೇ ವರ್ಷ ಅಪ್ಪನ ಪ್ಯಾಂಟು ಸಡಿಲವಾಗಿತ್ತು. ಕುರ್ಚಿಯಿಂದ ಏಳುವಾಗ ಎರಡೂ ಕೈ ಊರುತ್ತಿದ್ದರು. ವಯಸ್ಸಾಯ್ತಲ್ಲ, ಹಾಗೇ ಇರುತ್ತೆ ಅಂತ ಸುಮ್ಮನಿದ್ದೆವು.

ಕ್ರಿಯಾಟಿನಿನ್ ಕಿಡ್ನಿ ಸೋಸಿ ಹೊರಹಾಕುವ ತ್ಯಾಜ್ಯ, ಆದರೆ ಅದು ಹುಟ್ಟುವುದೇ ಮಾಂಸಖಂಡದಲ್ಲಿ. ಮಾಂಸಖಂಡ ಕರಗಿದರೆ ಅದೂ ಇಳಿಯುತ್ತದೆ. ನಾವು ಸಂಭ್ರಮಪಟ್ಟದ್ದು ಕಿಡ್ನಿ ಸುಧಾರಿಸಿದ್ದಕ್ಕಲ್ಲ, ಸ್ನಾಯು ಕಳೆದುಹೋಗಿದ್ದಕ್ಕೆ. ಇದು ಗೊತ್ತಾದ ಮೇಲೆ ನಾನು ಪ್ರತಿ ರಿಪೋರ್ಟನ್ನೂ ಬೇರೆ ಕಣ್ಣಿನಿಂದ ನೋಡಲು ಶುರುಮಾಡಿದೆ. ಸಕ್ಕರೆ ಕಾಯಿಲೆ ಇರುವ ಹಿರಿಯರಲ್ಲಿ ಕೆಟ್ಟದಾಗಿ ಕಾಣುವ ಅಂಕಿಗಳನ್ನು ಎಲ್ಲರೂ ಗಮನಿಸುತ್ತಾರೆ. ಚೆನ್ನಾಗಿ ಕಾಣುವ ಅಂಕಿಗಳೇ ಹೆಚ್ಚು ಮೋಸಮಾಡುತ್ತವೆ.

ಇನ್ಸುಲಿನ್ ಕೆಲಸ ಸಕ್ಕರೆ ಇಳಿಸುವುದಷ್ಟೇ ಅಲ್ಲ, ಸ್ನಾಯು ಕರಗದಂತೆ ತಡೆಯುವುದೂ ಹೌದು. ಅದರ ಮಾತು ದೇಹ ಕೇಳದಿದ್ದರೆ ಸ್ನಾಯು ಕಟ್ಟುವ ಕೆಲಸ ಹಿಂದೆ ಬೀಳುತ್ತದೆ. ಮೂಳೆಯ ಕಥೆ ಇನ್ನೂ ವಿಚಿತ್ರ. ಟೈಪ್ 2 ಇರುವವರ ಮೂಳೆ ಸಾಂದ್ರತೆ ಸ್ಕ್ಯಾನ್‌ನಲ್ಲಿ ಸಾಮಾನ್ಯವಾಗಿಯೋ, ಕೆಲವೊಮ್ಮೆ ಜಾಸ್ತಿಯಾಗಿಯೋ ಕಾಣುತ್ತದೆ. ಆದರೂ ಅವರ ಮೂಳೆ ಬೇರೆಯವರಿಗಿಂತ ಸುಲಭವಾಗಿ ಮುರಿಯುತ್ತದೆ. ಟೈಪ್ 1ರಲ್ಲಿ ಸಾಂದ್ರತೆಯೂ ಕಡಿಮೆ, ಸೊಂಟದ ಮೂಳೆ ಮುರಿಯುವ ಅಪಾಯವೂ ತುಂಬಾ ಜಾಸ್ತಿ.

ಮೊದಲ ಹೆಜ್ಜೆ: ರಕ್ತಕ್ಕಿಂತ ಮುಂಚೆ ಕುರ್ಚಿ

ಸ್ನಾಯು ದುರ್ಬಲವಾಗಿದೆ ಎಂದು ತಾನೊಂದೇ ಖಚಿತವಾಗಿ ಹೇಳುವ ರಕ್ತಪರೀಕ್ಷೆ ಇಲ್ಲ. ಹಾಗಾಗಿ ಲ್ಯಾಬ್‌ಗೆ ಹೋಗುವ ಮುನ್ನ ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಗೋಡೆಗೆ ಒರಗಿಸಿದ, ಕೈಯಿಲ್ಲದ ಗಟ್ಟಿ ಕುರ್ಚಿಯಲ್ಲಿ ಹಿರಿಯರನ್ನು ಕೂರಿಸಿ. ಎರಡೂ ಕೈ ಎದೆಯ ಮೇಲೆ ಕಟ್ಟಿಕೊಂಡು ಐದು ಸಲ ಎದ್ದು ಕೂರಲು ಹೇಳಿ. ನೀವು ಪಕ್ಕದಲ್ಲೇ ನಿಂತಿರಿ. ಯುರೋಪಿನ ತಜ್ಞರ ಮಾನದಂಡದಲ್ಲಿ 15 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಬಲ ಕಡಿಮೆ ಎಂದು ಅರ್ಥ. ಏಷ್ಯಾದ ತಜ್ಞರು 2019ರಲ್ಲಿ ಇನ್ನೂ ಬಿಗಿಯಾಗಿ 12 ಸೆಕೆಂಡಿನ ಗಡಿ ಇಟ್ಟರು.

ಇನ್ನೊಂದು ಅಳತೆಗೆ ಟೇಪ್ ಸಾಕು. ಮೀನಖಂಡದ ಅತಿ ದಪ್ಪ ಭಾಗದ ಸುತ್ತಳತೆ ತೆಗೆದುಕೊಳ್ಳಿ. ಏಷ್ಯಾದ ಮಾನದಂಡದಲ್ಲಿ ಗಂಡಸರಿಗೆ 34 ಸೆಂ.ಮೀ.ಗಿಂತ, ಹೆಂಗಸರಿಗೆ 33 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಎಚ್ಚರವಹಿಸಬೇಕು. ಕಾಲು ಬಾತಿದ್ದರೆ ಈ ಅಳತೆಯನ್ನು ನಂಬಬೇಡಿ. ಕ್ಲಿನಿಕ್‌ನಲ್ಲಿ ಕೈಹಿಡಿತ ಅಳೆಯುವ ಸಾಧನವಿದ್ದರೆ ಅದನ್ನೂ ಮಾಡಿಸಿ. ಅಲ್ಲಿ ಗಂಡಸರಿಗೆ 28 ಕೆ.ಜಿ., ಹೆಂಗಸರಿಗೆ 18 ಕೆ.ಜಿ. ಗಡಿ.

ಈ ಅಂಕಿಗಳನ್ನು ದಿನಾಂಕದ ಜೊತೆ ಒಂದು ಹಾಳೆಯಲ್ಲಿ ಬರೆದಿಡಿ. ಇವಿಲ್ಲದೆ ಮುಂದಿನ ಯಾವ ರಿಪೋರ್ಟಿಗೂ ಪೂರ್ತಿ ಅರ್ಥ ಸಿಗುವುದಿಲ್ಲ.

ಎರಡನೇ ಹೆಜ್ಜೆ: ರಕ್ತ ಕೊಡುವ ದಿನದ ತಯಾರಿ

ಬೆಳಿಗ್ಗೆ, ಖಾಲಿ ಹೊಟ್ಟೆಯಲ್ಲಿ, ಪ್ರತಿ ಸಲವೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ರಕ್ತ ಕೊಡಿ. ಮೂಳೆ ಕರಗುವಿಕೆ ತೋರಿಸುವ ಸಿಟಿಎಕ್ಸ್ ತಿಂಡಿ ತಿಂದ ಮೇಲೆ ಇಳಿಯುತ್ತದೆ, ದಿನ ಕಳೆದಂತೆಯೂ ಬದಲಾಗುತ್ತದೆ. ಟೆಸ್ಟೋಸ್ಟಿರೋನ್ ಬೆಳಿಗ್ಗೆ ಜಾಸ್ತಿ, ಸಂಜೆ ಕಡಿಮೆ. ಹಿಂದಿನ ದಿನ ಜೋರಾದ ವ್ಯಾಯಾಮ ಬೇಡ, ಸ್ನಾಯು ನೊಂದಾಗ ರಕ್ತಕ್ಕೆ ಸೇರುವ ಸಿಕೆ ಎಂಬ ಕಿಣ್ವ ಏರಿಬಿಡುತ್ತದೆ. ಇನ್ಸುಲಿನ್ ಅಥವಾ ಶುಗರ್ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿರುವ ದಿನ ಡೋಸ್ ಏನು ಮಾಡಬೇಕು ಎಂದು ಹಿಂದಿನ ದಿನವೇ ಡಾಕ್ಟರನ್ನು ಕೇಳಿಟ್ಟುಕೊಳ್ಳಿ. ಲ್ಯಾಬ್ ಸಾಲಿನಲ್ಲಿ ಶುಗರ್ ಇಳಿದು ತಲೆಸುತ್ತಿ ಬೀಳುವಂತಾಗಬಾರದು.

ಬಹಳ ಜನ ಮರೆಯುವ ವಿಷಯ ಬಯೋಟಿನ್. ಕೂದಲಿಗೆ, ಉಗುರಿಗೆ, ಕಾಲು ಜೋಮಿಗೆ ಎಂದು ಹಿರಿಯರು ನುಂಗುವ ವಿಟಮಿನ್ ಮಾತ್ರೆಗಳಲ್ಲಿ ಇದು ಇರುತ್ತದೆ. ಹೆಚ್ಚು ಡೋಸ್‌ನ ಬಯೋಟಿನ್ ಕೆಲವು ಯಂತ್ರಗಳನ್ನು ದಾರಿ ತಪ್ಪಿಸುತ್ತದೆ. ಮೂಳೆಗೆ ಸಂಬಂಧಿಸಿದ ಪಿಟಿಎಚ್ ಹಾರ್ಮೋನ್, ಥೈರಾಯ್ಡ್ ಪರೀಕ್ಷೆಯಾದ ಟಿಎಸ್‌ಎಚ್ ಸುಳ್ಳಾಗಿ ಕಡಿಮೆ ಕಾಣಬಹುದು, ವಿಟಮಿನ್ ಡಿ ಸುಳ್ಳಾಗಿ ಜಾಸ್ತಿ ಕಾಣಬಹುದು. ಡಾಕ್ಟರಿಗೆ ತಿಳಿಸಿ, ಕನಿಷ್ಠ ಎರಡು ದಿನ ಮುಂಚೆ ನಿಲ್ಲಿಸಿ.

ಮೂರನೇ ಹೆಜ್ಜೆ: ಕ್ರಿಯಾಟಿನಿನ್ ಪಕ್ಕದಲ್ಲಿ ಸಿಸ್ಟಾಟಿನ್ ಸಿ

ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯ. ಇದನ್ನು ಹೆಚ್ಚು ಜನ ಕೇಳುವುದೇ ಇಲ್ಲ.

ಸಿಸ್ಟಾಟಿನ್ ಸಿ ಎಂಬ ಸಣ್ಣ ಪ್ರೋಟೀನನ್ನು ದೇಹದ ಹೆಚ್ಚುಕಡಿಮೆ ಎಲ್ಲ ಜೀವಕೋಶಗಳೂ ತಯಾರಿಸುತ್ತವೆ. ಕಿಡ್ನಿ ಅದನ್ನು ಸೋಸುತ್ತದೆ. ಮಾಂಸಖಂಡ ಎಷ್ಟಿದೆ ಎಂಬುದರ ಪ್ರಭಾವ ಇದರ ಮೇಲೆ ತುಂಬಾ ಕಡಿಮೆ. ಹಾಗಾಗಿ ಇವೆರಡನ್ನೂ ಒಂದೇ ರಕ್ತದಲ್ಲಿ ಅಳೆದರೆ ಎರಡು ವಿಷಯ ಒಟ್ಟಿಗೆ ತಿಳಿಯುತ್ತದೆ: ಕಿಡ್ನಿಯ ನಿಜವಾದ ಸ್ಥಿತಿ ಮತ್ತು ಸ್ನಾಯುವಿನ ಸುಳಿವು.

72 ವರ್ಷದ ಗಂಡಸು, ಕ್ರಿಯಾಟಿನಿನ್ 0.7, ಸಿಸ್ಟಾಟಿನ್ ಸಿ 1.3 ಎಂದಿಟ್ಟುಕೊಳ್ಳಿ. ಈಗ ಬಳಕೆಯಲ್ಲಿರುವ ಲೆಕ್ಕದ ಸೂತ್ರಗಳಲ್ಲಿ ಹಾಕಿದರೆ ಕ್ರಿಯಾಟಿನಿನ್ ಪ್ರಕಾರ ಕಿಡ್ನಿ ಸೋಸುವ ಪ್ರಮಾಣ, ಅಂದರೆ ಇಜಿಎಫ್‌ಆರ್, ಸುಮಾರು 98 ಬರುತ್ತದೆ. ಸಿಸ್ಟಾಟಿನ್ ಸಿ ಪ್ರಕಾರ ಸುಮಾರು 52. ಅದೇ ಮನುಷ್ಯ, ಅದೇ ದಿನ, ಅದೇ ರಕ್ತ. ಒಂದು ಲೆಕ್ಕದಲ್ಲಿ ಕಿಡ್ನಿ ಅಪ್ಪಟ ಆರೋಗ್ಯವಾಗಿದೆ, ಇನ್ನೊಂದರಲ್ಲಿ ಸಾಕಷ್ಟು ಸೋತಿದೆ. ಮೆಟ್‌ಫಾರ್ಮಿನ್ ಡೋಸ್ ನಿರ್ಧರಿಸುವುದು ಈ ಅಂಕಿಯ ಮೇಲೆಯೇ. 45ಕ್ಕಿಂತ ಇಳಿದರೆ ಡೋಸ್ ಮರುಪರಿಶೀಲಿಸಬೇಕು, 30ಕ್ಕಿಂತ ಇಳಿದರೆ ನಿಲ್ಲಿಸಬೇಕು. ಮೂಳೆಯ ಕೆಲವು ಔಷಧಗಳಿಗೂ ಇಂಥದ್ದೇ ಗಡಿಗಳಿವೆ. ಆದ್ದರಿಂದ ಇದು ಬರೀ ಲೆಕ್ಕದ ವಿಷಯವಲ್ಲ.

ಕ್ರಿಯಾಟಿನಿನ್ ಅಂಕಿಯನ್ನು ಸಿಸ್ಟಾಟಿನ್ ಸಿ ಅಂಕಿಯಿಂದ ಭಾಗಿಸಿ 100ರಿಂದ ಗುಣಿಸಿದರೆ ಸಿಗುವುದನ್ನು ಸಾರ್ಕೋಪೀನಿಯಾ ಸೂಚ್ಯಂಕ ಎನ್ನುತ್ತಾರೆ. ಸಾರ್ಕೋಪೀನಿಯಾ ಎಂದರೆ ವಯಸ್ಸಿನ ಜೊತೆ ಸ್ನಾಯು ಸವೆಯುವುದು. ಮೇಲಿನ ಉದಾಹರಣೆಯಲ್ಲಿ ಅದು 54. ಎಲ್ಲರೂ ಒಪ್ಪಿದ ಒಂದೇ ಗಡಿ ಇದಕ್ಕಿಲ್ಲ. ಆದರೆ ಅದೇ ವ್ಯಕ್ತಿಯಲ್ಲಿ ವರ್ಷದಿಂದ ವರ್ಷಕ್ಕೆ ಇಳಿಯುತ್ತಾ ಹೋದರೆ, ಕುರ್ಚಿ ಪರೀಕ್ಷೆಯೂ ನಿಧಾನವಾದರೆ, ಅನುಮಾನ ಬೇಡ. ಒಂದು ಎಚ್ಚರಿಕೆ: ಸ್ಟೀರಾಯ್ಡ್, ಥೈರಾಯ್ಡ್ ತೊಂದರೆ, ಬೊಜ್ಜು, ದೇಹದ ಉರಿಯೂತ, ಧೂಮಪಾನ ಇವೆಲ್ಲ ಸಿಸ್ಟಾಟಿನ್ ಸಿಯನ್ನು ಏರುಪೇರು ಮಾಡಬಲ್ಲವು.

ನಾಲ್ಕನೇ ಹೆಜ್ಜೆ: ಮೂಳೆಯ ಕುಟುಂಬವನ್ನು ಒಟ್ಟಿಗೆ ಕೂರಿಸಿ

ಕ್ಯಾಲ್ಸಿಯಂ ನಾರ್ಮಲ್ ಬಂತು, ಮೂಳೆ ಚೆನ್ನಾಗಿದೆ. ಈ ಮಾತನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ರಕ್ತದ ಕ್ಯಾಲ್ಸಿಯಂ ಮೂಳೆಯಲ್ಲಿ ಎಷ್ಟಿದೆ ಎಂದು ಹೇಳುವುದೇ ಇಲ್ಲ. ರಕ್ತದಲ್ಲಿ ಕಡಿಮೆಯಾದರೆ ದೇಹ ಮೂಳೆಯಿಂದ ಕಿತ್ತು ತಂದು ಸರಿದೂಗಿಸುತ್ತದೆ. ಆ ಕಿತ್ತು ತರುವ ಕೆಲಸ ಮಾಡಿಸುವುದು ಪಿಟಿಎಚ್ ಎಂಬ ಹಾರ್ಮೋನ್, ಕುತ್ತಿಗೆಯಲ್ಲಿರುವ ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿಗಳಿಂದ ಬರುವುದು. ಹಾಗಾಗಿ ಕ್ಯಾಲ್ಸಿಯಂ ನಾರ್ಮಲ್, ಪಿಟಿಎಚ್ ಜಾಸ್ತಿ ಎಂದಿದ್ದರೆ ಆ ನಾರ್ಮಲ್ ಅನ್ನು ಮೂಳೆಯ ಖರ್ಚಿನಲ್ಲಿ ಉಳಿಸಿಕೊಳ್ಳಲಾಗುತ್ತಿದೆ ಎಂದು ತಿಳಿಯಿರಿ. ಇದಕ್ಕೆ ಸಾಮಾನ್ಯ ಕಾರಣಗಳು ಎರಡು: ವಿಟಮಿನ್ ಡಿ ಕೊರತೆ ಅಥವಾ ಸೋಲುತ್ತಿರುವ ಕಿಡ್ನಿ. ಸಕ್ಕರೆ ಕಾಯಿಲೆಯವರಲ್ಲಿ ಎರಡೂ ಒಟ್ಟಿಗೆ ಇರುವುದು ಅಪರೂಪವೇನಲ್ಲ.

ಕ್ಯಾಲ್ಸಿಯಂ ಓದುವಾಗ ಪಕ್ಕದ ಆಲ್ಬುಮಿನ್, ಅಂದರೆ ರಕ್ತದಲ್ಲಿರುವ ಮುಖ್ಯ ಪ್ರೋಟೀನ್, ನೋಡಿ. ಆಲ್ಬುಮಿನ್ 4ಕ್ಕಿಂತ ಎಷ್ಟು ಕಡಿಮೆಯಿದೆಯೋ ಅದನ್ನು 0.8ರಿಂದ ಗುಣಿಸಿ ಕ್ಯಾಲ್ಸಿಯಂಗೆ ಕೂಡಿಸಿ. ಕ್ಯಾಲ್ಸಿಯಂ 8.2, ಆಲ್ಬುಮಿನ್ 3.2 ಇದ್ದರೆ ನಿಜವಾದ ಲೆಕ್ಕ ಸುಮಾರು 8.8. ಕೊರತೆ ಎಂದು ಕಂಡದ್ದು ಕೊರತೆಯಲ್ಲ. ಮೂತ್ರದಲ್ಲಿ ಪ್ರೋಟೀನ್ ಹೋಗುವವರಿಗೆ ಇದು ಮುಖ್ಯ, ಅವರ ಆಲ್ಬುಮಿನ್ ಕಡಿಮೆಯಿರುವ ಸಾಧ್ಯತೆ ಹೆಚ್ಚು. ಅನುಮಾನ ಉಳಿದರೆ ಅಯಾನೀಕೃತ ಕ್ಯಾಲ್ಸಿಯಂ ಪರೀಕ್ಷೆ ಮಾಡಿಸಬಹುದು.

ವಿಟಮಿನ್ ಡಿ ಅಳೆಯುವಾಗ 25-ಹೈಡ್ರಾಕ್ಸಿ ಎಂದು ಬರೆದಿರುವುದನ್ನೇ ಮಾಡಿಸಿ. 20 ನ್ಯಾನೋಗ್ರಾಂಗಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ಕೊರತೆ ಎನ್ನುತ್ತಾರೆ, 12ಕ್ಕಿಂತ ಕಡಿಮೆಯಾದರೆ ಗಂಭೀರ. 30ರ ಮೇಲೆಯೇ ಇರಬೇಕೆಂದು ಹಟ ಹಿಡಿಯಬೇಕಿಲ್ಲ. ರಿಪೋರ್ಟ್ ನ್ಯಾನೋಮೋಲ್‌ನಲ್ಲಿದ್ದರೆ 2.5ರಿಂದ ಭಾಗಿಸಿಕೊಳ್ಳಿ. ಕೊರತೆ ಇದ್ದರೆ ತುಂಬಿಸಲೇಬೇಕು, ಆದರೆ ಒಂದೇ ಸಲಕ್ಕೆ ಭಾರಿ ಡೋಸ್ ಬೇಡ. 2010ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದರಲ್ಲಿ 70 ದಾಟಿದ ಮಹಿಳೆಯರಿಗೆ ವರ್ಷಕ್ಕೊಮ್ಮೆ 5 ಲಕ್ಷ ಯೂನಿಟ್ ಕೊಟ್ಟು ನೋಡಿದರು. ಅವರು ಬೀಳುವುದೂ ಜಾಸ್ತಿಯಾಯಿತು, ಮೂಳೆ ಮುರಿಯುವುದೂ ಜಾಸ್ತಿಯಾಯಿತು. ಡೋಸ್ ಶುರುಮಾಡಿ ಮೂರು ತಿಂಗಳಾದ ಮೇಲೆ ಮತ್ತೆ ಅಳೆಯಿರಿ. ಅದಕ್ಕಿಂತ ಬೇಗ ಮಾಡಿಸಿದರೆ ಸುಮ್ನೆ ದುಡ್ಡು ದಂಡ.

ಎಎಲ್‌ಪಿ ಎಂಬ ಕಿಣ್ವ ಹೆಚ್ಚಿದ್ದರೆ ಗಾಬರಿಯಾಗಬೇಡಿ, ಅದು ಲಿವರ್‌ನಿಂದಲೂ ಬರುತ್ತದೆ, ಮೂಳೆಯಿಂದಲೂ ಬರುತ್ತದೆ. ಜೊತೆಗೆ ಜಿಜಿಟಿ ಎಂಬ ಲಿವರ್ ಕಿಣ್ವ ನೋಡಿ. ಜಿಜಿಟಿಯೂ ಏರಿದ್ದರೆ ಬೆರಳು ಲಿವರ್ ಕಡೆ, ಏರಿಲ್ಲದಿದ್ದರೆ ಮೂಳೆ ಕಡೆ. ಎಎಲ್‌ಪಿ ಜಾಸ್ತಿ, ಫಾಸ್ಫರಸ್ ಕಡಿಮೆ, ವಿಟಮಿನ್ ಡಿ ತೀರಾ ಕಡಿಮೆ, ತೊಡೆ ಸೊಂಟದಲ್ಲಿ ಮಂದ ನೋವು, ಮೆಟ್ಟಿಲು ಹತ್ತಲು ಕಷ್ಟ. ಇವೆಲ್ಲ ಸೇರಿದರೆ ಅದು ಮೂಳೆ ಸವೆತವಲ್ಲ, ಮೂಳೆ ಮೆತ್ತಗಾಗುವ ಆಸ್ಟಿಯೋಮಲೇಶಿಯಾ ಇರಬಹುದು. ಇದಕ್ಕೆ ಒಳ್ಳೆಯ ಚಿಕಿತ್ಸೆಯಿದೆ, ಗುರುತಿಸುವುದಷ್ಟೇ ಬಾಕಿ.

ಮೆಗ್ನೀಷಿಯಂ ಮರೆಯಬೇಡಿ. ಸಕ್ಕರೆ ಜಾಸ್ತಿಯಿದ್ದಾಗ ಇದು ಮೂತ್ರದಲ್ಲಿ ಹೋಗುತ್ತದೆ, ಬಿಪಿಗೆ ಕೊಡುವ ನೀರಿನ ಮಾತ್ರೆ, ವರ್ಷಗಟ್ಟಲೆ ನುಂಗುವ ಗ್ಯಾಸ್ಟ್ರಿಕ್ ಮಾತ್ರೆಯೂ ಇಳಿಸುತ್ತವೆ. ಮೆಗ್ನೀಷಿಯಂ ತೀರಾ ಕಡಿಮೆಯಾದರೆ ಪಿಟಿಎಚ್ ಸರಿಯಾಗಿ ಹೊರಬರುವುದಿಲ್ಲ. ಆಗ ಎಷ್ಟು ಕ್ಯಾಲ್ಸಿಯಂ ಕೊಟ್ಟರೂ ನಿಲ್ಲುವುದಿಲ್ಲ.

ಐದನೇ ಹೆಜ್ಜೆ: ಸಿಟಿಎಕ್ಸ್, ಪಿ1ಎನ್‌ಪಿ ಯಾವಾಗ ಬೇಕು

ಮೂಳೆ ಮನೆ ರಿಪೇರಿಯ ಹಾಗೆ, ಒಂದು ಕಡೆ ಕೆಡವುತ್ತಾರೆ, ಇನ್ನೊಂದು ಕಡೆ ಕಟ್ಟುತ್ತಾರೆ. ಸಿಟಿಎಕ್ಸ್ ಕೆಡವುವವರ ಸದ್ದು, ಪಿ1ಎನ್‌ಪಿ ಕಟ್ಟುವವರ ಸದ್ದು. ಮೂಳೆಯ ಚಟುವಟಿಕೆ ಅಳೆಯಲು ಈ ಎರಡನ್ನೇ ಮಾದರಿಯಾಗಿ ಬಳಸಿ ಎಂದು 2011ರಲ್ಲಿ ಅಂತಾರಾಷ್ಟ್ರೀಯ ತಜ್ಞ ಸಂಸ್ಥೆಗಳು ಸೂಚಿಸಿದವು.

ಬೇರೆಯವರಲ್ಲಿ ಸಿಟಿಎಕ್ಸ್ ಕಡಿಮೆಯಿದ್ದರೆ ಮೂಳೆ ಹೆಚ್ಚು ಕರಗುತ್ತಿಲ್ಲ ಎಂದು ಸಮಾಧಾನ. ಟೈಪ್ 2 ಇರುವವರಲ್ಲಿ ಹಾಗಲ್ಲ. ಅವರಲ್ಲಿ ಸರಾಸರಿ ಎರಡೂ ಕಡಿಮೆ. ಕೆಡವುವವರೂ ಮಲಗಿದ್ದಾರೆ, ಕಟ್ಟುವವರೂ ಮಲಗಿದ್ದಾರೆ. ಹಳೆಯ ಮೂಳೆ ಹಳೆಯದಾಗಿಯೇ ಉಳಿಯುತ್ತದೆ. ಅದರೊಳಗಿನ ಕೊಲಾಜನ್ ಎಳೆಗಳಿಗೆ ಸಕ್ಕರೆ ಅಂಟಿಕೊಂಡು ಅವು ಬಿರುಸಾಗುತ್ತವೆ, ಸಣ್ಣ ಬಿರುಕುಗಳು ಮುಚ್ಚಿಕೊಳ್ಳುವುದಿಲ್ಲ. ಎಚ್‌ಬಿಎ1ಸಿ ಎಂದು ನಾವು ಅಳೆಯುವುದೂ ಹೀಗೆ ಅಂಟಿಕೊಂಡ ಸಕ್ಕರೆಯನ್ನೇ, ಹಿಮೋಗ್ಲೋಬಿನ್ ಮೇಲೆ. ಆದರೆ ಕೆಂಪು ರಕ್ತಕಣ ಸುಮಾರು 120 ದಿನಕ್ಕೆ ಹೋಗಿ ಹೊಸದು ಬರುತ್ತದೆ. ಮೂಳೆಯ ಕೊಲಾಜನ್ ವರ್ಷಗಟ್ಟಲೆ ಅಲ್ಲೇ ಇರುತ್ತದೆ. ಈ ಮೂರು ತಿಂಗಳ ಶುಗರ್ ಚೆನ್ನಾಗಿದೆ ಎಂದ ಮಾತ್ರಕ್ಕೆ ಹತ್ತು ವರ್ಷದ ಹಿಂದಿನ ಅಂಟು ಹೋಗಿರುವುದಿಲ್ಲ.

ಹಾಗಾದರೆ ಈ ಪರೀಕ್ಷೆ ಯಾಕೆ? ಮುಖ್ಯವಾಗಿ ಮೂಳೆ ಔಷಧ ಶುರುಮಾಡಿದವರಿಗೆ. ಶುರುಮಾಡುವ ಮುನ್ನ ಒಮ್ಮೆ, ಸುಮಾರು ಮೂರು ತಿಂಗಳಾದ ಮೇಲೆ ಇನ್ನೊಮ್ಮೆ. ಮೂಳೆ ಕರಗುವುದನ್ನು ತಡೆಯುವ ಔಷಧವಾದರೆ ಸಿಟಿಎಕ್ಸ್ ಸ್ಪಷ್ಟವಾಗಿ ಇಳಿಯಬೇಕು. ಇಳಿದಿಲ್ಲವೆಂದರೆ ಮಾತ್ರೆ ಸರಿಯಾಗಿ ನುಂಗುತ್ತಿಲ್ಲ ಅಥವಾ ಹೊಟ್ಟೆ ಹೀರಿಕೊಳ್ಳುತ್ತಿಲ್ಲ ಎಂದು ಯೋಚಿಸಬೇಕು. ಸಾಂದ್ರತೆ ಸ್ಕ್ಯಾನ್‌ನಲ್ಲಿ ಈ ಬದಲಾವಣೆ ಕಾಣಲು ಒಂದೆರಡು ವರ್ಷ ಬೇಕು.

ಕಿಡ್ನಿ ಸೋತಿದ್ದರೆ ಸಿಟಿಎಕ್ಸ್ ಸುಳ್ಳಾಗಿ ಏರುತ್ತದೆ. ಇತ್ತೀಚೆಗೆ ಮೂಳೆ ಮುರಿದಿದ್ದರೆ ಎರಡೂ ತಿಂಗಳುಗಟ್ಟಲೆ ಏರಿರುತ್ತವೆ. ಇದನ್ನು ಡಾಕ್ಟರಿಗೆ ನೆನಪಿಸಿ.

ಆಸ್ಟಿಯೋಕ್ಯಾಲ್ಸಿನ್, ಸ್ಕ್ಲೆರೋಸ್ಟಿನ್, ಮಯೋಸ್ಟಾಟಿನ್, ಐರಿಸಿನ್ ಎಂಬ ಹೆಸರುಗಳೂ ಕಿವಿಗೆ ಬೀಳುತ್ತವೆ. ಸಂಶೋಧಕರಿಗೆ ಇವು ಬೇಕು. ಮನೆಯಲ್ಲಿರುವ ಹಿರಿಯರ ಚಿಕಿತ್ಸೆ ಇವುಗಳಿಂದ ಸದ್ಯಕ್ಕೆ ಬದಲಾಗುವುದಿಲ್ಲ. ಇವಕ್ಕೆ ದುಡ್ಡು ಹಾಕಬೇಡಿ.

ಆರನೇ ಹೆಜ್ಜೆ: ಬಲ ಕಸಿಯುವ ಬೇರೆ ಕಾರಣಗಳು

ಬಿ12 ಇಲ್ಲಿ ಮೊದಲನೆಯದು. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಂಡವರಲ್ಲಿ ಇದು ಇಳಿಯುತ್ತದೆ. ಕಾಲು ಜೋಮು ಬಂದರೆ ಎಲ್ಲರೂ ಶುಗರ್ ಮೇಲೆ ಹಾಕಿಬಿಡುತ್ತಾರೆ. ಬಿ12 ಕೊರತೆಯೂ ಅದೇ ಜೋಮು ಕೊಡುತ್ತದೆ, ನಡಿಗೆಯ ಹಿಡಿತವನ್ನೂ ತಪ್ಪಿಸುತ್ತದೆ. 200 ಪಿಕೋಗ್ರಾಂಗಿಂತ ಕಡಿಮೆಯಿದ್ದರೆ ಕೊರತೆ, 200ರಿಂದ 300ರ ನಡುವೆ ಇದ್ದರೆ ಅನುಮಾನ. ಬಿದ್ದು ಮೂಳೆ ಮುರಿಯುವುದನ್ನು ತಡೆಯುವ ಪರೀಕ್ಷೆಗಳಲ್ಲಿ ಇಷ್ಟು ಸುಲಭವಾಗಿ ಸರಿಪಡಿಸಬಹುದಾದ್ದು ಬೇರೆ ಸಿಗುವುದು ಕಷ್ಟ.

ಹಿಮೋಗ್ಲೋಬಿನ್ ಗಂಡಸರಲ್ಲಿ 13ಕ್ಕಿಂತ, ಹೆಂಗಸರಲ್ಲಿ 12ಕ್ಕಿಂತ ಕಡಿಮೆಯಿದ್ದರೆ ಕಾರಣ ಹುಡುಕಿಸಿ. ರಕ್ತಹೀನತೆಯಲ್ಲಿ ಎಚ್‌ಬಿಎ1ಸಿ ಕೂಡ ತಪ್ಪು ತೋರಿಸಬಹುದು. ಟಿಎಸ್‌ಎಚ್ ಒಮ್ಮೆ ನೋಡಿಸಿ, ಥೈರಾಯ್ಡ್ ಜಾಸ್ತಿಯಾದರೂ ಕಡಿಮೆಯಾದರೂ ಸ್ನಾಯು ಸೋಲುತ್ತದೆ. ಕೊಲೆಸ್ಟ್ರಾಲ್ ಮಾತ್ರೆ ತೆಗೆದುಕೊಳ್ಳುವವರಿಗೆ ಮಾಂಸಖಂಡ ನೋವಿದ್ದರೆ ಸಿಕೆ ಮಾಡಿಸಿ. ಆದರೆ ಹೃದಯ ಕಾಯುವ ಆ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಗಂಡಸರಲ್ಲಿ ಸುಸ್ತು, ಸ್ನಾಯು ಕ್ಷೀಣತೆ ಎದ್ದುಕಾಣುತ್ತಿದ್ದರೆ ಬೆಳಗಿನ ಟೆಸ್ಟೋಸ್ಟಿರೋನ್ ಎರಡು ಬೇರೆ ದಿನ ಅಳೆಸಿ. ಒಂದೇ ಸಲದ ಅಂಕಿ ನಂಬಿ ಹಾರ್ಮೋನ್ ಶುರುಮಾಡುವುದು ಸರಿಯಲ್ಲ.

ಆಲ್ಬುಮಿನ್ ಕಡಿಮೆ ಎಂದ ಕೂಡಲೇ ಊಟ ಸಾಲದು ಎಂದು ತೀರ್ಮಾನಿಸಬೇಡಿ. ಉರಿಯೂತ, ಲಿವರ್, ಮೂತ್ರದಲ್ಲಿ ಸೋರಿಕೆ ಇವೂ ಅದನ್ನು ಇಳಿಸುತ್ತವೆ. ಸಿಆರ್‌ಪಿ ಪಕ್ಕದಲ್ಲಿದ್ದರೆ ಉರಿಯೂತ ಇದೆಯೋ ಇಲ್ಲವೋ ತಿಳಿಯುತ್ತದೆ.

ಏಳನೇ ಹೆಜ್ಜೆ: ಶುಗರ್ ಅಂಕಿಯನ್ನು ಬೀಳುವಿಕೆಯ ಜೊತೆ ಓದಿ

ಹಿರಿಯರ ಎಚ್‌ಬಿಎ1ಸಿ 6ರ ಹತ್ತಿರ ಬಂದರೆ ಮನೆಯವರು ಚಪ್ಪಾಳೆ ತಟ್ಟುತ್ತಾರೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತರಹದ ಮಾತ್ರೆ ತೆಗೆದುಕೊಳ್ಳುವವರಲ್ಲಿ ನನಗೆ ಇದು ಭಯ ಹುಟ್ಟಿಸುತ್ತದೆ. ಶುಗರ್ ಪದೇಪದೇ ಕೆಳಗಿಳಿಯುತ್ತಿರಬಹುದು, ರಾತ್ರಿ ಬಾತ್‌ರೂಮಿಗೆ ಏಳುವಾಗ ತಲೆಸುತ್ತಬಹುದು. ಗಟ್ಟಿಮುಟ್ಟಾದ ಹಿರಿಯರಿಗೆ 7ರಿಂದ 7.5ರೊಳಗೆ, ಹಲವು ಕಾಯಿಲೆ ಇರುವವರಿಗೆ 8ರೊಳಗೆ ಎಂಬ ಗುರಿಯೇ ಸಾಮಾನ್ಯ.

ಔಷಧ ಪಟ್ಟಿಯನ್ನೂ ಮುಂದಿಟ್ಟುಕೊಳ್ಳಿ. ಪಿಯೋಗ್ಲಿಟಜೋನ್ ಎಂಬ ಶುಗರ್ ಮಾತ್ರೆ ಮೂಳೆ ಮುರಿತ ಹೆಚ್ಚಿಸುತ್ತದೆ, ಅದರಲ್ಲೂ ಹೆಂಗಸರಲ್ಲಿ. ತೂಕ ಇಳಿಸುವ ಸೆಮಾಗ್ಲುಟೈಡ್ ತರಹದ ಇಂಜೆಕ್ಷನ್‌ಗಳಲ್ಲಿ ಕೊಬ್ಬಿನ ಜೊತೆ ಸ್ವಲ್ಪ ಸ್ನಾಯುವೂ ಹೋಗುತ್ತದೆ. ಸ್ಟೀರಾಯ್ಡ್ ಬಗ್ಗೆ ಹೇಳಬೇಕಿಲ್ಲ, ಅದು ಶುಗರ್, ಸ್ನಾಯು, ಮೂಳೆ ಮೂರನ್ನೂ ಹಾಳುಮಾಡುತ್ತದೆ. ಬದಲಿ ಇದೆಯೇ ಎಂದು ಕೇಳುವ ಹಕ್ಕು ನಿಮಗಿದೆ.

ಎಂಟನೇ ಹೆಜ್ಜೆ: ಡಾಕ್ಟರ ಮುಂದೆ

ಕುರ್ಚಿ ಪರೀಕ್ಷೆಯ ಹಾಳೆ, ಹಳೆಯ ರಿಪೋರ್ಟ್‌ಗಳು, ಮಾತ್ರೆಗಳ ಪಟ್ಟಿ, ಕಳೆದ ವರ್ಷ ಎಷ್ಟು ಸಲ ಬಿದ್ದರು ಎಂಬ ಲೆಕ್ಕ ಜೊತೆಗಿರಲಿ. ಸಾಂದ್ರತೆ ಸ್ಕ್ಯಾನ್ ಆಗಿದ್ದರೆ ಅದೂ. ಟೈಪ್ 2 ಇರುವವರ ಟಿ-ಸ್ಕೋರ್, ಅಂದರೆ ಆ ಸ್ಕ್ಯಾನ್ ಕೊಡುವ ಅಂಕಿ, ಅಪಾಯವನ್ನು ಕಡಿಮೆ ತೋರಿಸುತ್ತದೆ ಎಂಬುದನ್ನು ಸರಿದೂಗಿಸಲು ಕೆಲವು ತಜ್ಞರು ಅದರಿಂದ 0.5 ಕಳೆದು ಲೆಕ್ಕ ಹಾಕುತ್ತಾರೆ. ನಮ್ಮ ಲೆಕ್ಕದಲ್ಲಿ ಹಾಗೆ ಮಾಡಿದ್ದೀರಾ ಎಂದು ಕೇಳಿ. ಹತ್ತು ವರ್ಷದ ಮುರಿತದ ಅಪಾಯ ಹೇಳುವ ಫ್ರ್ಯಾಕ್ಸ್ ಲೆಕ್ಕದಲ್ಲೂ ಟೈಪ್ 2 ತಾನಾಗಿ ಸೇರುವುದಿಲ್ಲ.

ಪ್ರೋಟೀನ್ ಎಷ್ಟು ತಿನ್ನಬೇಕು ಎಂಬುದನ್ನೂ ಇಲ್ಲೇ ತೀರ್ಮಾನಿಸಿ. ಹಿರಿಯರಿಗೆ ದಿನಕ್ಕೆ ದೇಹತೂಕದ ಪ್ರತಿ ಕೆ.ಜಿ.ಗೆ 1ರಿಂದ 1.2 ಗ್ರಾಂ ಎನ್ನುತ್ತಾರೆ, 60 ಕೆ.ಜಿ. ಇದ್ದರೆ 60ರಿಂದ 72 ಗ್ರಾಂ. ಕಿಡ್ನಿ ತೀರಾ ಸೋತವರಿಗೆ ಇದು ಹೊಂದುವುದಿಲ್ಲ. ಕ್ರಿಯಾಟಿನಿನ್ ಒಂದನ್ನೇ ನಂಬಿ ಇದನ್ನು ನಿರ್ಧರಿಸಬಾರದು ಎಂದು ಮೂರನೇ ಹೆಜ್ಜೆಯಲ್ಲಿ ನೋಡಿದೆವಲ್ಲ. ಪ್ರೋಟೀನ್ ಜೊತೆ ವಾರಕ್ಕೆ ಎರಡು ಮೂರು ದಿನ ಸ್ನಾಯುವಿಗೆ ಭಾರ ಕೊಡುವ ವ್ಯಾಯಾಮ ಬೇಕು. ಬರೀ ವಾಕಿಂಗ್ ಸಾಲದು. ಕಣ್ಣಿನ ನರಪರದೆಗೆ ತೊಂದರೆ ಇರುವವರು, ಪಾದದಲ್ಲಿ ಹುಣ್ಣಿರುವವರು ಮೊದಲು ಒಪ್ಪಿಗೆ ಪಡೆಯಲಿ.

ಕೆಲವು ಸಂದರ್ಭಗಳಲ್ಲಿ ಮುಂದಿನ ಭೇಟಿಗೆ ಕಾಯಬೇಡಿ. ಕ್ಯಾಲ್ಸಿಯಂ 10.5 ದಾಟಿದೆ, ಬೆನ್ನುಮೂಳೆ ನೋವಿದೆ, ಹಿಮೋಗ್ಲೋಬಿನ್ ಇಳಿದಿದೆ, ಕಿಡ್ನಿಯೂ ಹದಗೆಡುತ್ತಿದೆ ಎಂದಾದರೆ ಮಯಲೋಮಾ ಎಂಬ ರಕ್ತದ ಕ್ಯಾನ್ಸರ್ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು, ಅದಕ್ಕೆ ಪ್ರೋಟೀನ್ ಎಲೆಕ್ಟ್ರೋಫೊರೆಸಿಸ್ ಪರೀಕ್ಷೆಯಿದೆ. ಎತ್ತರ ಕುಗ್ಗಿದೆ ಅಥವಾ ಬೆನ್ನಿನಲ್ಲಿ ದಿಢೀರ್ ನೋವು ಬಂದಿದೆ ಎಂದರೆ ಬೆನ್ನುಮೂಳೆಯ ಎಕ್ಸ್‌ರೇ ತೆಗೆಸಿ. ಮೂತ್ರ ಕಂದು ಬಣ್ಣಕ್ಕೆ ತಿರುಗಿ ಮಾಂಸಖಂಡವೆಲ್ಲ ನೋಯುತ್ತಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಉಳಿದಂತೆ ಕುರ್ಚಿ ಪರೀಕ್ಷೆ ಮೂರು ತಿಂಗಳಿಗೊಮ್ಮೆ, ಕ್ರಿಯಾಟಿನಿನ್, ಸಿಸ್ಟಾಟಿನ್ ಸಿ, ಬಿ12, ಹಿಮೋಗ್ಲೋಬಿನ್ ವರ್ಷಕ್ಕೊಮ್ಮೆ ಎಂಬ ಲೆಕ್ಕ ನಮ್ಮ ಮನೆಯಲ್ಲಿದೆ. ಕಿಡ್ನಿ ಸೋತವರಿಗೆ ಇದು ಇನ್ನೂ ಬೇಗಬೇಗ ಬೇಕಾಗುತ್ತದೆ. ಸಾಧ್ಯವಾದಷ್ಟೂ ಅದೇ ಲ್ಯಾಬಿನಲ್ಲಿ ಮಾಡಿಸಿ, ಯಂತ್ರ ಬದಲಾದರೆ ಅಂಕಿಯೂ ಬದಲಾಗುತ್ತದೆ. ಅಪ್ಪ ಈಗ ಐದು ಸಲ ಎದ್ದು ಕೂರಲು 13 ಸೆಕೆಂಡ್ ತೆಗೆದುಕೊಳ್ಳುತ್ತಾರೆ. ಮೊದಲ ಸಲ ಅಳೆದಾಗ 19 ಇತ್ತು. ಕಳೆದ ತಿಂಗಳ ರಿಪೋರ್ಟಿನಲ್ಲಿ ಸಿಸ್ಟಾಟಿನ್ ಸಿ ಇದ್ದಷ್ಟೇ ಇದೆ, ಕ್ರಿಯಾಟಿನಿನ್ ಮಾತ್ರ 0.8ಕ್ಕೆ ಏರಿದೆ. ಈ ಸಲ ಅದು ಏರಿದ್ದಕ್ಕೇ ಎಲ್ಲರೂ ಖುಷಿಪಟ್ಟೆವು.